ಯಾವ ಥರದ ಗಟ್ಟಿ

ನರಿನ್ ಊರಿನ ಪಶುವೈದ್ಯ ಶಾಲೆ, ಎರಡನೇ ಮಹಡಿ.
ಫೆಬ್ರವರಿ. ಕಿಟಕಿಯ ಒಳಮೈಗೂ ಹಿಮ.
ಮೇಜಿನ ಮೇಲೆ ಬುರುಲ್ ಎಜೆಯ ಕುದುರೆ:
ಗುರುತುಚೀಟಿ ನೇತುಹಾಕುವ ಐದು ಸುರುಳಿ,
ಮೀನಿನ ಗಾಳದ ದಾರ,
ಬಿಷ್ಕೆಕ್ ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಪುಟ್ಟ ಮೋಟಾರು,
ಯಾರೋ ಬಸ್ಸಿನಲ್ಲಿ ಬಿಟ್ಟುಹೋದ ಎಡಗೈ ಗವಸು.
ನಾವೆಲ್ಲ ಬಲಗೈಯವರು; ಎಡಗೈ ಕಲಿತೆವು.
ಎಲ್ಲ ಸೇರಿ ಒಂದು ಕುರಿಗಿಂತ ಅಗ್ಗ.
"ಅದೂ ಬಡಕಲು ಕುರಿ" ಅನ್ನುತ್ತಾಳೆ ಎಜೆ.
(ಎಜೆ ಅಂದರೆ ಅಕ್ಕ. ಮೇಡಂ ಅಂದರೆ ತಿರುಗಿ ನೋಡುವುದಿಲ್ಲ.)

ವಿಆರ್ ಕನ್ನಡಕ ತಲೆಗೆ ಬಿಗಿದರೆ ಊರು ಮಾಯ.
ಎದುರಿಗೆ ಗಾಜಿನ ಹೊಟ್ಟೆಯ ಹೆಣ್ಣುಕುದುರೆ,
ಒಳಗೆ ಮರಿ, ಮುಂದೆ ಬರಬೇಕಾದ ಕಾಲು
ಹಿಂದಕ್ಕೆ ಮಡಚಿ ಸಿಕ್ಕಿಕೊಂಡಿದೆ.
ಕೈ ಚಾಚಿದರೆ ಗಾಳಿ, ಗಾಳಿ, ಬರೀ ಗಾಳಿ,
ಆಮೇಲೆ ಒಂದೆಡೆ
ದಾರ ಜಗ್ಗುತ್ತದೆ. ಬೆರಳು ನಿಲ್ಲುತ್ತದೆ.
ಇಲ್ಲದ್ದೊಂದು ಇದ್ದೇನೆಂದು ಬೆರಳು ಹಿಡಿಯುತ್ತದೆ.

"ಏನು ಸಿಕ್ಕಿತು?"
ಮೂಳೆ.
"ಹೇಗಿದೆ?"
ಗಟ್ಟಿ.
"ಯಾವ ಥರದ ಗಟ್ಟಿ? ಕಲ್ಲೂ ಗಟ್ಟಿ, ನಿನ್ನೆಯ ರೊಟ್ಟಿಯೂ ಗಟ್ಟಿ."
ತಡವರಿಸುತ್ತೇನೆ: ಒದ್ದೆ ಬಟ್ಟೆಯಲ್ಲಿ ಸುತ್ತಿದ ಚಮಚ...
ಬರೆದುಕೊಳ್ಳುತ್ತಾಳೆ. ಸ್ಕ್ರೂ ಅರ್ಧ ಸುತ್ತು ಸಡಿಲಿಸುತ್ತಾಳೆ.
"ಈಗ?"
ಕೆನ್ನೆಯ ಮೇಲಿಂದ ಹಲ್ಲು ಮುಟ್ಟಿದ ಹಾಗೆ.
"ಹಾಂ" ಅನ್ನುತ್ತಾಳೆ, ಪೆನ್ನಿನ ಮುಚ್ಚಳ ಕಚ್ಚಿ.

ಪರೀಕ್ಷೆ ಅಂದುಕೊಂಡಿದ್ದೆವು.
ತಲಾಯ್ಬೆಕ್ ಅವಳ ದನಿ ಅಣಕಿಸುತ್ತಿದ್ದ,
ಊಟದ ಮನೆಯಲ್ಲಿ ಪ್ರತಿ ಆಲೂಗಡ್ಡೆಯನ್ನೂ ವಿಚಾರಿಸುತ್ತ.

ಒಂದು ಸಂಜೆ ಅವಳು ತಂತಿ ಬೆಸೆಯುತ್ತಿದ್ದಳು.
ಸುಟ್ಟ ವಾಸನೆ. ತವರದ್ದಲ್ಲ, ಚರ್ಮದ್ದು.
ನಾನು ಕೂಗಿದೆ. ಅವಳು ತನ್ನ ಕೈಯನ್ನು
ಪಕ್ಕದ ಮನೆಯವರ ಕೈ ನೋಡಿದಂತೆ ನೋಡಿದಳು.
ಹನ್ನೆರಡು ಚಳಿಗಾಲದ ಹಿಂದೆ, ಕಣಿವೆಯ ಮೇಲಿನ ದಾರಿ,
ಕಳೆದ ಕುದುರೆಗಳು, ಎರಡು ರಾತ್ರಿ.
"ಬೆರಳೇನೋ ಉಳಿದವು" ಅಂದಳು.
"ಬಾಡಿಗೆಯವರು ಖಾಲಿ ಮಾಡಿದರು."

ಹಾಗಾದರೆ ಈ ಕುದುರೆ ಕಟ್ಟಿದವಳು
ಒಮ್ಮೆಯೂ ಅದನ್ನು ಮುಟ್ಟಿಲ್ಲ.
ನಾಲ್ಕು ವರ್ಷದ ನಮ್ಮ ತೊದಲು
ನೋಟುಪುಸ್ತಕದಿಂದ ಸ್ಕ್ರೂಗಳಿಗೆ ಇಳಿದಿದೆ:
ನಾದಿದ ಹಿಟ್ಟು, ಅಜ್ಜಿಯ ಕಿವಿಯ ಹಾಲೆ,
ಗಾಳಿ ಅರ್ಧ ಹೋದ ಸೈಕಲ್ ಟ್ಯೂಬು,
ಯಾವಳೋ ಹುಡುಗಿ ನಾಚಿಕೊಂಡು ಹೇಳಿದ್ದು, ತುಟಿ.
ಒಂದೊಂದು ದಾರದ ಬಿಗಿಯೂ ಯಾರದೋ ಮಾತು.

ಏಪ್ರಿಲ್. ಆತ್-ಬಾಶಿಯ ಆಚೆ, ನಡುರಾತ್ರಿ.
ಸೂರೋನ್‌ಬಾಯ್ ಟಾರ್ಚು ಹಿಡಿದಿದ್ದ, ಅವನ ಕೈಯೇ ನಡುಗುತ್ತಿತ್ತು.
ನನ್ನ ಎಡಗೈ ಹೆಗಲತನಕ ಒಳಗೆ,
ನಿಜದ ಕುದುರೆಯ ನಿಜದ ಕತ್ತಲಲ್ಲಿ.
ತಾಯಿ ಮುಕ್ಕರಿದಾಗ
ಮೊಣಕೈ ಕಬ್ಬಿನ ಗಾಣಕ್ಕೆ ಸಿಕ್ಕಂತೆ;
ಯಾವ ಗಾಳದ ದಾರವೂ ಹಾಗೆ ಹಿಂಡದು.
ಬಿಸಿ. ಅದನ್ನು ಯಾರೂ ಹೇಳಿರಲಿಲ್ಲ.
ಆದರೂ ಮೊಣಕಾಲು ಇರಬೇಕಾದಲ್ಲೇ ಇತ್ತು,
ಕೆನ್ನೆಯ ಮೇಲಿಂದ ಹಲ್ಲು.
ಗೊರಸನ್ನು ಅಂಗೈಯಲ್ಲಿ ಬಚ್ಚಿಟ್ಟು ಮುಂದಕ್ಕೆ ತಂದೆ.
ಮರಿ ಬದುಕಿತು. ಅದು ಈ ಪದ್ಯದ ವಿಷಯವಲ್ಲ.

ಸೋಮವಾರ ಅವಳು ಪೆನ್ನು ಹಿಡಿದೇ ಕೂತಿದ್ದಳು.
"ಏನು ಸಿಕ್ಕಿತು?"
ಬಿಸಿ, ಎಜೆ. ನಿಮ್ಮ ಕುದುರೆಗೆ ಬಿಸಿ ಇಲ್ಲ.
"ಯಾವ ಥರದ ಬಿಸಿ?"
ಚಳಿಯಿಂದ ಬಂದು ಬೆರಳನ್ನು ಬಾಯಲ್ಲಿಟ್ಟ ಹಾಗೆ,
ಅಂದವಳು ನಾಲಿಗೆ ಕಚ್ಚಿಕೊಂಡೆ.

ಅವಳು ತೋರುಬೆರಳನ್ನು ಬಾಯಲ್ಲಿಟ್ಟಳು.
ಬಾಯಿಗೆ ಬೆರಳು ತಣ್ಣಗೆ ಗೊತ್ತಾಗಿರಬೇಕು.
ಬೆರಳಿಗೆ ಬಾಯಿ, ಇಲ್ಲ.
ಸ್ವಲ್ಪ ಹೊತ್ತು ಹಾಗೇ ಇದ್ದಳು.

ಆಮೇಲೆ ಲಂಗಕ್ಕೆ ಒರೆಸಿಕೊಂಡು ಬರೆದಳು:
ಬಿಸಿತಂತಿ, ಎರಡು ಮೊಳ. ನೂರು ಸೋಮ್.
ಚೌಕಾಸಿ ಮಾಡಿದರೆ ಎಂಬತ್ತು.